ಗಾಲಿಗೊಂದು ಸಂದು, ತಲೆಗೊಂದು ಹೆಲ್ಮೆಟ್

ಚಳಿಗಾಲದ ಮುಂಜಾನೆ ಕಡಲೆ ಹೊಲದಿಂದ ಏಳುವ ಹುಳಿ ವಾಸನೆ ಸಿದ್ದಲಿಂಗವ್ವನ ಮೂಗಿನಲ್ಲಿ ಇನ್ನೂ ಹಾಗೆಯೇ ಇದೆ. ಚಿಕ್ಕವಳಿದ್ದಾಗ ತವರೂರು ತಂಗಡಗಿಯಲ್ಲಿ ಅವ್ವನ ಬೆನ್ನು ಹತ್ತಿ ಹೊಲಕ್ಕೆ ಹೋಗುತ್ತಿದ್ದಳು. ಅವ್ವ ತೆಳುವಾದ ಅರಿವೆಯನ್ನು ಗಿಡಗಳ ಮೇಲೆ ಹಾಸಿ, ಎಲೆಗಳಿಂದ ಇಬ್ಬನಿಯ ಜೊತೆ ಇಳಿದ ಹುಳಿಯನ್ನು ತಂಬಿಗೆಗೆ ಹಿಂಡುತ್ತಿದ್ದಳು. ಮರಳಿ ಬರುವಾಗ ಹಸಿ ಎರೆಮಣ್ಣು ಅಂಗಾಲಿಗೆ ಮೆತ್ತಿ, ಹೆಜ್ಜೆಗೊಂದು ಪದರು ಕೂಡಿ, ಹುಡುಗಿಯ ಪಾದ ಆನೆಯ ಪಾದವಾಗುತ್ತಿತ್ತು. ಅವ್ವ ಬೈಯದೆ ಬದುವಿನ ಮೇಲೆ ಕುಳಿತು ಕಡ್ಡಿಯಿಂದ ಆ ಮಣ್ಣನ್ನು ಕೆರೆದು ಕೊಡುತ್ತಿದ್ದಳು.

ಅದೇ ಹುಳಿ ವಾಸನೆ ಇಂದು ಮಸೂತಿ ಊರಿನ ಅವಳ ಮನೆಯ ಪಡಸಾಲೆಗೆ ಬಂದಿತು. ಬಂದದ್ದು ಮಗಳ ಬಟ್ಟೆಯಿಂದ.

ವಿಜಯಶ್ರೀ ಬಾಗಿಲಲ್ಲಿ ನಿಂತಿದ್ದಳು. ಕೂದಲಲ್ಲಿ ಕಡಲೆ ಎಲೆ, ಹಣೆಯ ಮೇಲೆ ನಿಂಬೆ ಗಾತ್ರದ ಬಾವು, ಅಡಿಯಿಂದ ಮುಡಿಯವರೆಗೆ ಕೆಸರು. ಹೆಗಲ ಮೇಲೆ ಅವಳ ಗೇರ್ ಸೈಕಲ್.

"ಸೈಕಲ್ ಮ್ಯಾಲ ನೀ ಕುಂದರಬೇಕೋ, ನಿನ್ನ ಮ್ಯಾಲ ಸೈಕಲ್ ಕುಂದರಬೇಕೋ?" ಎಂದ ಅಪ್ಪ ಗುರಪ್ಪ.

"ಗಾಲಿ ತಿರಗವಲ್ದಪ್ಪ. ಕಾಲುವಿ ದಾರ್‍ಯಾಗ ಒಮ್ಮಿಂದೊಮ್ಮೆಲೆ ನಿಂತ ಬಿಡ್ತು. ನಾ ಮಾತ್ರ ಮುಂದ ಹ್ವಾದೆ."

ಸಿದ್ದಲಿಂಗವ್ವ ನಗು ತಡೆದುಕೊಂಡು ಅರಿಸಿನ ತೇಯಲು ಕುಳಿತಳು. ಬಾವು ನೋಡಿದ ಮೇಲೆ ನಗು ತಾನೇ ನಿಂತಿತು.

ಗುರಪ್ಪನಿಗೂ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚು. "ಇಲ್ಲಿಗೆ ಮುಗೀತು ತಂಗಿ. ಐತಾರದ ಸ್ಪರ್ಧೆಗೆ ಹೋಗೂದು ಬ್ಯಾಡ. ಕೈಕಾಲು ಮುರದ್ರ ಜೋಡಸಬಹುದು. ತಲಿ ಒಡದ್ರ ಯಾರು ಜೋಡಸ್ತಾರ?"

ಮಗಳ ಕಣ್ಣು ತುಂಬಿತು. ಬರುವ ಭಾನುವಾರ ಇಂಗಳೇಶ್ವರದ ಹೊಲದ ದಾರಿ, ದಿನ್ನೆಗಳ ಮೇಲೆ ಗೇರ್ ಸೈಕಲ್ ಸ್ಪರ್ಧೆ ಇತ್ತು. ಚೆನ್ನಾಗಿ ಓಡಿಸಿದವರು ಜಿಲ್ಲೆಯ ತಂಡ ಸೇರುತ್ತಿದ್ದರು. ಕಾಲುವೆಗೆ ನೀರು ಬಿಟ್ಟಿದ್ದರಿಂದ ಚಳಿಗಾಲದಲ್ಲೂ ಆ ದಾರಿಯೆಲ್ಲ ಕೆಸರು. ವರ್ಷವಿಡೀ ಕಾದ ದಿನ ಅದು.

ಸಂಜೆ ಸುವರ್ಣಾ ಟೀಚರ್ ಬಂದರು. ಊರ ಹೈಸ್ಕೂಲಿನಲ್ಲಿ ಆಟ ಕಲಿಸುವವರು. ತಾವೂ ಒಂದು ಕಾಲಕ್ಕೆ ಸೈಕಲ್ ಸ್ಪರ್ಧೆಗಳಲ್ಲಿ ಓಡಿಸಿದವರು. ಹುಡುಗಿ ಬಿದ್ದ ಸುದ್ದಿ ಕೇಳಿ, ಹಣೆಗೆ ಹಚ್ಚುವ ಮುಲಾಮು ತಂದಿದ್ದರು. ಮೊದಲು ಅದನ್ನು ಹಚ್ಚಿ, ತಲೆ ಸುತ್ತುತ್ತದೆಯೇ, ವಾಂತಿ ಬಂದಂತೆ ಆಗುತ್ತದೆಯೇ ಎಂದು ವಿಚಾರಿಸಿ, ಆಮೇಲೆಯೇ ಸೈಕಲ್ಲಿನತ್ತ ನೋಡಿದರು.

"ಈ ಟೈರ್ ಯಾರು ಆರಿಸಿದ್ರಿ, ಅಣ್ಣಾರ?"

"ನಾನs ಆರಿಸೇನ್ರಿ," ಎಂದ ಗುರಪ್ಪ ಎದೆ ಸೆಟೆಸಿ. "ಅಂಗಡ್ಯಾಗ ಇದ್ದದ್ರಾಗ ಭಾಳ ದಪ್ಪನ್ನ ಟೈರ್ ಇದು. ಟ್ರ್ಯಾಕ್ಟರ್ ನೋಡ್ರಿ, ಟೈರ್ ದಪ್ಪ ಅದಾವಂತನs ಕೆಸರಿನ್ಯಾಗ ನಡೀತೈತಿ. ಗಾಳಿನೂ ಕಲ್ಲಿನಂಗ ತುಂಬಿಸೇನಿ."

ಸುವರ್ಣಾ ನಕ್ಕರು. "ಟ್ರ್ಯಾಕ್ಟರಿಗೆ ಮಡ್‌ಗಾರ್ಡ್ ಎಷ್ಟ ಎತ್ತರ ಐತ್ರಿ? ನಡು ಒಂದು ಕುರಿಮರಿ ಮಲಗಬಹುದು. ಇಲ್ಲಿ ನಿಮ್ಮ ಬೆರಳು ಹಾಕಿ ನೋಡ್ರಿ."

ಟೈರಿಗೂ ಅದನ್ನು ಎರಡೂ ಬದಿಯಿಂದ ಹಿಡಿದ ಫೋರ್ಕಿಗೂ ನಡುವೆ ಗುರಪ್ಪ ಕಿರುಬೆರಳು ತೂರಿಸಲು ನೋಡಿದ. ಹೋಗಲಿಲ್ಲ. ಆ ಸಂದಿನಲ್ಲಿ ಎರೆಮಣ್ಣು ಹುಲ್ಲು ಸಮೇತ ಇಟ್ಟಿಗೆಯಂತೆ ಕೂತಿತ್ತು.

"ಎರಿಮಣ್ಣಿಗೆ ಹಿಡಕೊಳ್ಳೂದೊಂದs ಗೊತ್ತು, ಬಿಡೂದು ಗೊತ್ತಿಲ್ಲ," ಎಂದರು ಸುವರ್ಣಾ. "ದಪ್ಪ ಟೈರಿಗೆ ಮಣ್ಣ ಹೆಚ್ಚು ಹತ್ತತೈತಿ, ಜಾಗಾ ಕಡಿಮಿ ಇರತೈತಿ. ಮ್ಯಾಲ ಇದರ ಹಲ್ಲು ನೋಡ್ರಿ, ಒಂದಕ್ಕೊಂದು ಅಂಟಿಕೊಂಡಾವ. ನಡುವ ತುಂಬಿದ ಮಣ್ಣು ಉದರೂದಿಲ್ಲ. ನಮಗ ಬೇಕಾದ್ದು ತುಸು ಸಣ್ಣ ಟೈರು. ಹಲ್ಲು ಎತ್ತರ ಇರಬೇಕು, ನಡುವ ಅಂತರ ಇರಬೇಕು. ಗಾಲಿ ತಿರಗಿದಂಗ ಮಣ್ಣು ತಾನs ಹಾರಿ ಬೀಳತೈತಿ."

"ನಾ ಸಣ್ಣಾಕಿ ಇದ್ದಾಗ ನಮ್ಮ ಕಾಲಿಗೂ ಹಿಂಗs ಆಗತಿತ್ರಿ," ಎಂದಳು ಸಿದ್ದಲಿಂಗವ್ವ. "ಸಪಾಟ ಚಪ್ಪಲಿ ಹಾಕ್ಕೊಂಡಾವ್ರು ನಡ್ಯಾಕ ಬರಲಾರದ ನಿಂದರತಿದ್ರು."

"ಅಷ್ಟs ನೋಡ್ರಿ ವೈನಿ. ನೀವು ಒಂದ ಮಾತಿನ್ಯಾಗ ಹೇಳಿದ್ರಿ."

ಗುರಪ್ಪ ಗಡ್ಡ ಕೆರೆದುಕೊಂಡ. "ಗಾಳಿ?"

"ಕಲ್ಲಿನಂಗ ತುಂಬಿದ್ರ ಗಾಲಿ ಕಲ್ಲಿನಂಗs ಜಾರತೈತಿ. ಹೆಬ್ಬಟ್ಟಿಲೆ ಒತ್ತಿದ್ರ ತುಸು ತಗ್ಗಬೇಕು, ಅಷ್ಟ. ಹಂಗಂತ ಪೂರಾ ಇಳಸಬ್ಯಾಡ್ರಿ, ಕಲ್ಲಿಗೆ ಬಡದು ರಿಮ್ ಸೊಟ್ಟ ಆಗತೈತಿ. ಎಷ್ಟರಿಂದ ಎಷ್ಟರ ಮಟ ಗಾಳಿ ಇರಬೇಕಂತ ಟೈರಿನ ಮಗ್ಗಲಾಗ ಬರದಿರತೈತಿ. ಅದರ ಕೆಳಗಿನ ಅಂಕಿ ಸಮೀಪ ಇರ್ಲಿ, ಅದಕ್ಕಿಂತ ಕೆಳಗ ಬ್ಯಾಡ."

ಟೈರಿನ ಮಾತು ಗುರಪ್ಪನ ತಲೆಗೆ ಹೋಯಿತು. ಹುಡುಗಿಗೆ ಹೆಲ್ಮೆಟ್ ಬೇಕೇ ಬೇಕು ಎಂದು ಸುವರ್ಣಾ ಹೇಳಿದ ಮಾತು ಮಾತ್ರ ತಲೆಯ ಮೇಲೇ ನಿಂತಿತು.

"ನಮ್ಮ ಕಡೆ ಸೈಕಲ್ ಹೊಡಿಯೋರು ಯಾರ್ರಿ ಹೆಲ್ಮೆಟ್ ಹಾಕ್ತಾರ? ನಾವು ತಲಿಗೆ ಟಾವೆಲ್ ಸುತಗೊಂಡು ಹೊಡದೇವಿ. ಬೇಕಾದ್ರ ನನ್ನ ಗಾಡಿ ಹೆಲ್ಮೆಟ್ ಐತಿ. ಹಾಕ್ಕೊ ತಂಗಿ."

ವಿಜಯಶ್ರೀ ಅಪ್ಪನ ಮೋಟಾರ್ ಸೈಕಲ್ಲಿನ ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ಒಂದು ಸುತ್ತು ಹೊಡೆದಳು. ಅದು ಕಣ್ಣ ಮೇಲೆ ಇಳಿಯಿತು, ಕಿವಿ ಮುಚ್ಚಿತು. ಸಿದ್ದಲಿಂಗವ್ವ "ಮಜ್ಜಿಗಿ ಕುಡೀತಿಯೇನವಾ" ಎಂದರೆ ಒಳಗಿನಿಂದ "ಏನಂದಿ?" ಎಂದು ಬಂತು. ಇನ್ನೊಮ್ಮೆ ಕೇಳಿದರೂ ಅದೇ ಉತ್ತರ. ಗುರಪ್ಪನೂ ನಗಬೇಕಾಯಿತು.

"ಅದು ಇಂಜಿನ್ ಗಾಡಿಗೆ ಸರಿ," ಎಂದರು ಸುವರ್ಣಾ. "ಸೈಕಲ್ ಹೊಡಿಯೋರಿಗೆ ಉಸಿರು ಆಡಬೇಕು, ಬೆವರು ಆರಬೇಕು. ಅದಕ್ಕಂತನs ಬ್ಯಾರೆ ಹಗೂರ ಹೆಲ್ಮೆಟ್ ಅದಾವ. ಹೊರಗ ತೆಳ್ಳನ ಚಿಪ್ಪು, ಒಳಗ ಥರ್ಮಾಕೋಲಿನಂಥ ಮೆತ್ತಿ. ಪೆಟ್ಟು ಬಿದ್ದಾಗ ಅದು ಒಡದು, ತಲಿ ಉಳಸತೈತಿ. ಟಾವೆಲ್ ಬೆವರು ಒರಸತೈತಿ ಅಣ್ಣಾರ, ಪೆಟ್ಟು ತಡಿಯೂದಿಲ್ಲ."

ಗುರಪ್ಪ ಮಗಳ ಹಣೆಯನ್ನು ಇನ್ನೊಮ್ಮೆ ನೋಡಿದ. "ನಾಳಿ ಬಾಗೇವಾಡಿಗೆ ಹೋಗೂಣು," ಎಂದ. ಒಂದು ಮಾತು ಗಟ್ಟಿಯಾಗಿ ಸೇರಿಸಿದ: "ಐತಾರ ನಾನೂ ಬರ್ತೇನಿ. ತಲಿಗೆ ಪೆಟ್ಟ ಬಿತ್ತಂದ್ರ ಅವತ್ತs ಕಡೀಕ, ಸೈಕಲ್ ಬಂದ್."

ಬಾಗೇವಾಡಿಯ ಅಂಗಡಿಯಲ್ಲಿ ಸಿದ್ದಲಿಂಗವ್ವನೇ ಮುಂದೆ ನಿಂತಳು. ಟೈರು ಕೂಡಿಸಿದ ಮೇಲೆ ಸಂದಿನಲ್ಲಿ ತನ್ನ ಬೆರಳು ಸಲೀಸಾಗಿ ಹೋಗುವ ತನಕ ಒಪ್ಪಲಿಲ್ಲ. ಅಂಗಡಿಯ ಅಯೂಬ ಟೈರಿನ ಮಗ್ಗುಲಲ್ಲಿದ್ದ ಬಾಣದ ಗುರುತು ತೋರಿಸಿ, ಗಾಲಿ ಮುಂದೆ ಉರುಳುವ ಕಡೆಗೇ ಅದು ಇರಬೇಕೆಂದ. ಹೆಲ್ಮೆಟ್ಟಿನ ಒಳಗೆ ಸುರಕ್ಷತೆಯ ಪರೀಕ್ಷೆ ಆದ ಗುರುತಿನ ಚೀಟಿ ಇದೆಯೇ ಎಂದು ಗುರಪ್ಪನೇ ಕನ್ನಡಕ ಹಾಕಿ ನೋಡಿದ.

ಆದರೆ ಹೆಲ್ಮೆಟ್ ಕೂಡಲೊಲ್ಲದು. ವಿಜಯಶ್ರೀಯ ತಲೆಯ ಮೇಲೆ ಅದು ಬೋರಲು ಹಾಕಿದ ಗಡಿಗೆಯಂತೆ ಎದ್ದು ನಿಂತಿತು. ದೊಡ್ಡದು ತಂದರೂ ಹಾಗೇ. ಅಯೂಬ ಅಳತೆ ಟೇಪು ಹುಡುಕತೊಡಗಿದ.

ಸಿದ್ದಲಿಂಗವ್ವ ಮಗಳನ್ನು ಹಿಂದಕ್ಕೆ ತಿರುಗಿಸಿದಳು. ತಾನೇ ಬೆಳಿಗ್ಗೆ ಎಣ್ಣೆ ಹಚ್ಚಿ, ಬಿಗಿಯಾಗಿ ನೆತ್ತಿಯ ಮೇಲೆ ಕಟ್ಟಿದ ತುರುಬು. ಅದಕ್ಕೆ ಸೇವಂತಿಗೆ ಬೇರೆ. "ಹೂವಿಗೆ ಯಾಕ ಹೆಲ್ಮೆಟ್ ಹಾಕಾಕತ್ತೇವಿ?" ಎಂದು ತುರುಬು ಬಿಚ್ಚಿ, ಅಲ್ಲೇ ಸ್ಟೂಲಿನ ಮೇಲೆ ಕೂರಿಸಿ, ಕತ್ತಿನ ಕೆಳಗೆ ಇಳಿಯುವಂತೆ ಜಡೆ ಹೆಣೆದಳು. ಈಗ ಮೊದಲಿನ ಹೆಲ್ಮೆಟ್ಟೇ ಸರಿಯಾಗಿ ಕೂತಿತು. ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಹಣೆ ಕಂಡಿತು. ಪಟ್ಟಿ ಗದ್ದದ ಕೆಳಗೆ ಒಂದೆರಡು ಬೆರಳು ಹಿಡಿಯುವಷ್ಟು ಬಿಗಿ. ತಲೆ ಅಲ್ಲಾಡಿಸಿದರೂ ಅದು ಅಲುಗಲಿಲ್ಲ.

ಐತಾರ ಇಂಗಳೇಶ್ವರದಲ್ಲಿ ಮಂಜು ಕರಗುವ ಹೊತ್ತಿಗೆ ಹುಡುಗಿಯರು ಹೊರಟರು. ಇಂಡಿಯಿಂದ, ಮುದ್ದೇಬಿಹಾಳದಿಂದ, ಸಿಂದಗಿಯಿಂದ ಬಂದವರು. ತಗ್ಗಿನ ಕೆಸರಿಗೆ ಬರುತ್ತಲೇ ಅರ್ಧ ಮಂದಿ ಇಳಿದು ಸೈಕಲ್ ಹೊತ್ತರು. ವಿಜಯಶ್ರೀಯ ಗಾಲಿ ಮಾತ್ರ ಹಿಂದೆ ಮಣ್ಣು ಚಿಮ್ಮುತ್ತ ತಿರುಗುತ್ತಲೇ ಇತ್ತು. ಬದುವಿನ ಮೇಲೆ ನಿಂತಿದ್ದ ಗುರಪ್ಪನ ಬಿಳಿ ಅಂಗಿಯ ಮೇಲೂ ಚಿಮ್ಮಿತು. ಅವನು ಒರೆಸಿಕೊಳ್ಳಲಿಲ್ಲ.

ಕೊನೆಯ ಇಳಿಜಾರಿನಲ್ಲಿ, ಕಿರುಸೇತುವೆಯ ಬಳಿ, ಅವಳ ಮುಂದಿನ ಗಾಲಿ ಜಾರಿತು. ವಿಜಯಶ್ರೀ ಮಗ್ಗುಲಾಗಿ ಬಿದ್ದಳು. ತಲೆ ಸೇತುವೆಯ ಕಲ್ಲಿಗೆ ಬಡಿದ ಸದ್ದು ಬದುವಿನವರೆಗೂ ಕೇಳಿಸಿತು.

ಸಿದ್ದಲಿಂಗವ್ವ ಸೆರಗು ಬಿಗಿದು ಬದುವಿನಿಂದ ಇಳಿದಳು. ಗುರಪ್ಪ ಆಗಲೇ ಓಡುತ್ತಿದ್ದ.

ಸ್ಪರ್ಧೆಗೆಂದು ಕರೆಸಿದ್ದ ಡಾಕ್ಟರು ಅವನಿಗಿಂತ ಮೊದಲೇ ಅಲ್ಲಿದ್ದರು. ಹುಡುಗಿಯ ಕಣ್ಣು ನೋಡಿದರು, ಹೆಸರು, ವಾರ ಕೇಳಿದರು, ಕತ್ತು ಮುಟ್ಟಿ ನೋಡಿದರು. ಎಲ್ಲ ಸರಿ ಕಂಡ ಮೇಲೆ, ಒಡೆದ ಹೆಲ್ಮೆಟ್ ತೆಗೆಸಿ, ಸ್ಪರ್ಧೆಗೆ ಬಂದವರಿಗಾಗಿ ಸುವರ್ಣಾ ಇಟ್ಟಿದ್ದ ಇನ್ನೊಂದನ್ನು ಹಾಕಿಸಿ, ಹೋಗಬಹುದೆಂದರು. ಅಷ್ಟರಲ್ಲಿ ಮೂವರು ಅವಳನ್ನು ದಾಟಿದ್ದರು. ಆದರೂ ಜಿಲ್ಲೆಯ ತಂಡದ ಕೊನೆಯ ಹೆಸರು ಅವಳದೇ ಆಯಿತು.

ಗುರಪ್ಪ ಒಡೆದ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕಿವಿಯ ಮೇಲ್ಭಾಗದಲ್ಲಿ ಉದ್ದಕ್ಕೂ ಬಿರುಕು.

"ಅವತ್ತs ಕಡೀಕ ಅಂದಿದ್ರಿ," ಎಂದಳು ಸಿದ್ದಲಿಂಗವ್ವ ಮೆಲ್ಲಗೆ.

"ತಲಿಗೆ ಪೆಟ್ಟ ಬಿದ್ರ ಅಂದಿದ್ದೆ. ಪೆಟ್ಟು ಇದಕ್ಕ ಬಿದ್ದೈತಿ." ಬಿರುಕಿನ ಮೇಲೆ ಬೆರಳಾಡಿಸಿದ. "ಅಂಟು ಹಚ್ಚಿದ್ರ ಇನ್ನೊಂದ ಸಲ ನಡೀತೈತೇನ?"

"ಒಡದ ತತ್ತಿಗೆ ಅಂಟು ಹಚ್ಚತಾರೇನ್ರಿ? ನಾಳಿ ಹೊಸಾದು ತರೂಣು."

ಓದುವ ತಾಯಂದಿರೇ, ತಂದೆಯರೇ, ಕೆಸರಿಗೆ ಅಂಜಿ ಮಕ್ಕಳ ಸೈಕಲ್ ಕಟ್ಟಿ ಹಾಕಬೇಡಿ. ಅಂಗಡಿಗೆ ಹೋದಾಗ ದಪ್ಪ ಟೈರಿಗೆ ಮರುಳಾಗದೆ, ಎತ್ತರದ, ಬಿಡಿಬಿಡಿ ಹಲ್ಲಿನದು ಆರಿಸಿ, ಸಂದಿನಲ್ಲಿ ನಿಮ್ಮ ಬೆರಳು ಹಾಕಿ ನೋಡಿ. ಹೆಲ್ಮೆಟ್ ಬಹಳ ಬೆಲೆಯದೇ ಆಗಬೇಕೆಂದಿಲ್ಲ. ಪರೀಕ್ಷೆಯ ಗುರುತು ಇರಲಿ, ಮಗುವಿನ ತಲೆಗೆ ಸರಿಯಾಗಿ ಕೂಡಲಿ, ಪಟ್ಟಿ ಬಿಗಿದಿರಲಿ. ಒಮ್ಮೆ ಪೆಟ್ಟು ತಿಂದದ್ದನ್ನು ಮತ್ತೆ ಯಾರ ತಲೆಗೂ ಹಾಕಬೇಡಿ. ಸ್ಪರ್ಧೆಯ ದಿನ ಮಾತ್ರವಲ್ಲ, ಶಾಲೆಗೆ, ಹೊಲಕ್ಕೆ ಹೋಗುವ ದಿನವೂ ಹಾಕಿಸಿ.

ಆ ಐತಾರದ ಇನ್ನೊಂದು ಮಾತು ಉಳಿದಿದೆ. ಎಲ್ಲರೂ ಗುರಿ ಮುಟ್ಟಿ ಬಹಳ ಹೊತ್ತಾದ ಮೇಲೆ, ಸಿಂದಗಿಯ ಇರಮ ಎಂಬ ಹುಡುಗಿ ಕೆಸರು ತುಂಬಿ ನಿಂತ ಸೈಕಲ್ ಹೊತ್ತುಕೊಂಡು ಒಬ್ಬಳೇ ಬಂದಳು. ಅವಳ ಕಡೆಯವರು ಯಾರೂ ಬಂದಿರಲಿಲ್ಲ. ಬೇವಿನ ಗಿಡದ ಕೆಳಗೆ ಕುಳಿತು ಕಡ್ಡಿಯಿಂದ ಗಾಲಿಯ ಮಣ್ಣು ಕೆದರತೊಡಗಿದಳು. ವಿಜಯಶ್ರೀ ಹೋಗಿ ಇನ್ನೊಂದು ಗಾಲಿ ಹಿಡಿದಳು. ಸಿದ್ದಲಿಂಗವ್ವ ತಂಬಿಗೆಯಿಂದ ಆ ಹುಡುಗಿಯ ಕೈಗೆ ನೀರು ಹಾಕಿ ತೊಳೆಸಿ, ಬುತ್ತಿ ಬಿಚ್ಚಿ, ಎರಡು ಜೋಳದ ರೊಟ್ಟಿಯ ಮೇಲೆ ಎಣ್ಣೆಗಾಯಿ ಪಲ್ಯ ಹಾಕಿ ಅವಳ ಕೈಗೆ ಕೊಟ್ಟಳು.