ಗಿರಣಿ ಅಜ್ಜಿಯ ಹೆಬ್ಬಾತುಗಳು ಮತ್ತು ಮೊಟ್ಟೆಯ ಮನೆತನ

ಮೂವತ್ತು ದಿನ ಕಾದರೂ ನಲವತ್ತು ಮೊಟ್ಟೆಗಳಲ್ಲಿ ಹನ್ನೊಂದು ಮಾತ್ರ ಮರಿಯಾದವು. ಉಳಿದವನ್ನು ಬುಟ್ಟಿಗೆ ತುಂಬಿಕೊಂಡು ಗಿರಣಿ ಅಜ್ಜಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು.

ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರಾದ್ದರಿಂದ ಬೀದಿಯಲ್ಲಿ ಆಕೆಗೆ ಅದೇ ಹೆಸರು. ಮನೆಯಲ್ಲಿ ಮಗ, ಹೊಲಿಗೆ ಮಾಡುವ ಸೊಸೆ, ಒಬ್ಬಳು ಮೊಮ್ಮಗಳು. ಹಿತ್ತಲಿನಲ್ಲಿ ಐದು ಹೆಣ್ಣು ಹೆಬ್ಬಾತು, ಒಂದು ಗಂಡು. ಎದೆ ಮುಂದೆ ಮಾಡಿ ನಡೆಯುವ ಆ ಗಂಡಿಗೆ ಎಲ್ಲರೂ ಇನ್‌ಸ್ಪೆಕ್ಟರ್ ಅನ್ನುತ್ತಿದ್ದರು.

"ಅತ್ತೆ, ನಮ್ಮ ಹೆಂಗಸರ ಸಂಘದ ಏಳು ಮನೆಯವರು ಮರಿ ಬರುತ್ತೆ ಅಂತ ಗೂಡು ಕಟ್ಟಿಕೊಂಡು ಕೂತಿದ್ದಾರೆ. ಏನು ಹೇಳೋದು?" ಸೊಸೆ ಕೇಳಿದಳು.

"ಇರೋದನ್ನೇ ಹೇಳೋದು. ಹನ್ನೊಂದು ಮರಿ ಏಳು ಮನೆಗೆ ಸಾಲಲ್ಲ. ಈ ವರ್ಷ ಮರಿ ಇಲ್ಲ."

"ಹೋದ ವರ್ಷವೂ ಅರ್ಧ ಜನಕ್ಕೆ ಇದನ್ನೇ ಹೇಳಿದ್ದೆವು."

ಅಜ್ಜಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

ಅದೇ ವಾರ ಪಶು ಆಸ್ಪತ್ರೆಯ ಸಹಾಯಕಿ ಆಡುಗಳಿಗೆ ಲಸಿಕೆ ಹಾಕಲು ಬೀದಿಗೆ ಬಂದಳು. ಸೊಸೆ ಅವಳನ್ನು ಹಿತ್ತಲಿಗೆ ಕರೆತಂದಳು. ಸಹಾಯಕಿ ಮರಿಯಾಗದ ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ನೋಡಿದಳು. ಎಷ್ಟೋ ಮೊಟ್ಟೆಗಳೊಳಗೆ ಮರಿ ಅರ್ಧ ಬೆಳೆದು ಸತ್ತಿತ್ತು.

"ಅಜ್ಜೀ, ಈ ಗಂಡು ಎಷ್ಟು ವರ್ಷದಿಂದ ಇದೆ?"

"ಆರು ವರ್ಷ. ನೋಡು, ಎಂಥಾ ಆಳು!"

"ಈ ಐದು ಹೆಣ್ಣುಗಳಲ್ಲಿ ಅವನ ಮಕ್ಕಳು ಎಷ್ಟು?"

"ಮೂರು. ಮನೆಯಲ್ಲೇ ಹುಟ್ಟಿದವು."

"ಹಾಗಾದರೆ ಅಪ್ಪ, ಮಗಳು ಜೋಡಿಯಾಗಿದ್ದಾರೆ. ಹತ್ತಿರದ ರಕ್ತ ಸೇರಿದರೆ ಮರಿ ಚಿಪ್ಪಿನೊಳಗೇ ಸಾಯೋದು ಜಾಸ್ತಿ. ಬೇರೆ ಕಾರಣವೂ ಇರಬಹುದು. ಆದರೆ ಮೊದಲು ಇದನ್ನು ಸರಿಮಾಡಿ. ಕಾವಿಗೆ ಯಾವ ಮೊಟ್ಟೆ ಇಡ್ತೀರಿ?"

"ಎಲ್ಲಕ್ಕಿಂತ ದೊಡ್ಡದನ್ನ. ಮತ್ತೇನು, ಸಣ್ಣದನ್ನ ಇಡ್ತಾರಾ?"

"ತೀರಾ ದೊಡ್ಡದೂ ಬೇಡ, ತೀರಾ ಸಣ್ಣದೂ ಬೇಡ. ಮಧ್ಯಮ ಗಾತ್ರದ್ದು ಚೆನ್ನಾಗಿ ಮರಿಯಾಗುತ್ತೆ. ಮೊಟ್ಟೆಯ ಗಾತ್ರ, ಆಕಾರ ತಾಯಿ ತಂದೆಯಿಂದ ಬಳುವಳಿಯಾಗಿ ಬರುತ್ತೆ. ದೊಡ್ಡ ಮೊಟ್ಟೆ ಇಡೋ ಹಕ್ಕಿ ಸಾಮಾನ್ಯವಾಗಿ ಕಡಿಮೆ ಮೊಟ್ಟೆ ಇಡುತ್ತೆ. ನೀವು ವರ್ಷವರ್ಷ ದೊಡ್ಡದನ್ನೇ ಆರಿಸಿ, ಕಡಿಮೆ ಇಡೋ ವಂಶವನ್ನೇ ಬೆಳೆಸಿದ್ದೀರೇನೋ. ಗಂಡಿನ ತಾಯಿ ಎಷ್ಟು ಇಡ್ತಿತ್ತು, ಅದನ್ನೂ ನೋಡಬೇಕು."

ಅಜ್ಜಿ ನಕ್ಕುಬಿಟ್ಟರು. "ಗಂಡಿಗೂ ಮೊಟ್ಟೆಗೂ ಏನು ಸಂಬಂಧ? ಅವನು ಮೊಟ್ಟೆ ಇಡ್ತಾನಾ?"

"ನಿಮ್ಮ ಮೊಮ್ಮಗಳ ಕೆನ್ನೆಯ ಗುಳಿ ಯಾರದು?"

"ನನ್ನದೇ. ಬೀದಿಗೆಲ್ಲ ಗೊತ್ತು."

"ಅವಳಿಗೆ ಹೇಗೆ ತಲುಪಿತು? ನಿಮ್ಮ ಮಗನ ಮೂಲಕ ತಾನೇ? ಗಂಡು ಹೆಬ್ಬಾತೂ ಹಾಗೇ. ತಾನು ಮೊಟ್ಟೆ ಇಡಲ್ಲ, ಆದರೆ ತಾಯಿಯ ಗುಣವನ್ನ ಮಗಳಿಗೆ ದಾಟಿಸ್ತಾನೆ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜಿಗೆ ಸಿಟ್ಟು ಬಂತು.

"ಇದೆಲ್ಲ ಪುಸ್ತಕದ ಮಾತು."

"ಹಾಗಾದರೆ ಒಂದು ವರ್ಷ ಬರೆದಿಡಿ. ಯಾವ ಹಕ್ಕಿ, ಯಾವ ದಿನ, ಎಷ್ಟು ತೂಕ. ನನ್ನ ಮಾತು ಸುಳ್ಳು ಅಂತ ತೋರಿಸಿ."

"ತೋರಿಸ್ತೀನಿ," ಅಂದರು ಅಜ್ಜಿ.

ಹಟಕ್ಕೆ ಬಿದ್ದರು. ಸೊಸೆಯ ಹೊಲಿಗೆ ಚೂರುಗಳಿಂದ ಐದು ಬಣ್ಣದ ಪಟ್ಟಿ ಕತ್ತರಿಸಿ ಐದು ಹಕ್ಕಿಗಳ ಕಾಲಿಗೆ ಸಡಿಲವಾಗಿ ಕಟ್ಟಿದರು. ಮಗ ಹಲಗೆ ಅಡ್ಡ ಇಟ್ಟು ಐದು ಗೂಡು ಮಾಡಿಕೊಟ್ಟ. ಮೊಟ್ಟೆ ಇಡುವ ಕಾಲ ಬಂದಾಗ ಬೆಳಗಾಗುವ ಮೊದಲೇ ಅಜ್ಜಿ ಹಿತ್ತಲಿನಲ್ಲಿರುತ್ತಿದ್ದರು. ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ತೂಗಿ, ಹಳೆಯ ಕ್ಯಾಲೆಂಡರಿನ ಹಿಂಬದಿ ಬರೆಯುತ್ತಿದ್ದರು. ಒಮ್ಮೆ ಮೂರು ದಿನ ಜ್ವರ ಬಂದು ಮಲಗಿದಾಗ ಮೊಟ್ಟೆಗಳನ್ನು ಹಾಸಿಗೆಗೇ ತರಿಸಿಕೊಂಡರು.

"ಎದ್ದ ಮೇಲೆ ಬರೆದರಾಗಲ್ವಾ ಅತ್ತೆ?"

"ಎದ್ದ ಮೇಲೆ ನನಗೆ ಬೇಕಾದ ಹಾಗೆ ನೆನಪಾಗುತ್ತೆ. ಕೊಡು ಇಲ್ಲಿ."

ಆಕೆಯ ಅಚ್ಚುಮೆಚ್ಚಿನದು ಹಸಿರು ಪಟ್ಟಿಯ ಬಿಳಿ ಹಕ್ಕಿ, ಇನ್‌ಸ್ಪೆಕ್ಟರ್‌ನ ಹಿರಿಮಗಳು. ಅದರ ಮೊಟ್ಟೆ ಕೈತುಂಬ ಬರುತ್ತಿತ್ತು. ಋತು ಮುಗಿದಾಗ ಅದು ಇಟ್ಟದ್ದು ಹತ್ತೊಂಬತ್ತು. ಅದರ ಇಬ್ಬರು ಹೆಣ್ಣುಮಕ್ಕಳೂ ದೊಡ್ಡದೇ ಇಟ್ಟವು. ಒಂದು ಇಪ್ಪತ್ತೊಂದು, ಇನ್ನೊಂದು ಹದಿನೇಳು. ಹೊರಗಿನಿಂದ ಬಂದ ಎರಡರಲ್ಲಿ ಒಂದು ಇಪ್ಪತ್ತೆಂಟು ಇಟ್ಟಿತು. ನೋಡಲು ಚೆನ್ನಾಗಿಲ್ಲ ಎಂದು ಯಾರೂ ಲೆಕ್ಕಕ್ಕಿಡದ, ಹೊರಗಿನಿಂದ ಬಂದ ಸೊಟ್ಟಕತ್ತಿನ ಕಂದು ಹಕ್ಕಿ ಇಟ್ಟದ್ದು ನಲವತ್ಮೂರು. ಎಲ್ಲವೂ ಹದವಾದ ಗಾತ್ರ. ಕಾವಿಗಿಟ್ಟಾಗ ಹಸಿರು ಪಟ್ಟಿಯ ಹನ್ನೆರಡರಲ್ಲಿ ಮರಿಯಾದದ್ದು ಮೂರು, ಕಂದು ಹಕ್ಕಿಯ ಹನ್ನೆರಡರಲ್ಲಿ ಎಂಟು.

ಅಜ್ಜಿ ಮೂರು ಸಲ ಕೂಡಿ ನೋಡಿದರು. ಆಮೇಲೆ ಕ್ಯಾಲೆಂಡರ್ ಸುತ್ತಿಕೊಂಡು ಸೀದಾ ಸಂಘದ ಸಭೆಗೆ ಹೋದರು. ಸಹಾಯಕಿಯೂ ಅಲ್ಲಿದ್ದಳು.

"ಇವಳನ್ನ ಸುಳ್ಳಿ ಮಾಡೋಕೆ ವರ್ಷವಿಡೀ ಬರೆದೆ. ಆಗಲಿಲ್ಲ. ಎರಡು ವರ್ಷ ನಿಮ್ಮ ಗೂಡು ಖಾಲಿ ಉಳಿದದ್ದು ನನ್ನ ಆಯ್ಕೆಯಿಂದ," ಅಂದರು. ಕ್ಯಾಲೆಂಡರ್ ಬಿಚ್ಚಿ ಎಲ್ಲರ ಮುಂದೆ ಹಾಸಿದರು. "ಈಗ ಹೇಳಮ್ಮ, ಮುಂದೇನು?"

"ಬೇರೆ ವಂಶದ ಗಂಡು ತನ್ನಿ. ಅದರ ತಾಯಿ ಚೆನ್ನಾಗಿ ಇಡೋ ಹಕ್ಕಿಯಾಗಿರಲಿ."

ಅಜ್ಜಿಯ ತಂಗಿ ಹೊಳೆಯಾಚೆ ಇಟ್ಟಿಗೆಗೂಡಿನ ಹತ್ತಿರ ಹೆಬ್ಬಾತು ಸಾಕಿದ್ದಳು. ಅಕ್ಕನ ಕಾಟ ತಾಳಲಾರದೆ ಅವಳೂ ಆ ವರ್ಷ ಗುರುತು ಹಾಕಿದ್ದಳು. ಹೆಚ್ಚು ಮೊಟ್ಟೆ ಇಟ್ಟ ಹಕ್ಕಿಯ ಮಗನನ್ನು ಕೊಟ್ಟಳು. ಬದಲಿಗೆ ಇನ್‌ಸ್ಪೆಕ್ಟರ್ ತಂಗಿಯ ಮನೆಯ ಕಾವಲಿಗೆಂದು ಹೊಳೆ ದಾಟಿದ. ಅವನನ್ನು ಬುಟ್ಟಿಗೆ ಹಾಕುವಾಗ ಅಜ್ಜಿ ಮುಖ ತಿರುಗಿಸಿಕೊಂಡರು.

"ಅಕ್ಕಾ, ಬೇಜಾರಾದರೆ ಇಟ್ಟುಕೋ."

"ಬೇಜಾರಾಗಿದೆ. ಆದರೂ ತಗೊಂಡು ಹೋಗು."

ಮರುವರ್ಷ ಮಧ್ಯಮ ಗಾತ್ರದ, ಶುಚಿಯಾದ, ಇಟ್ಟು ವಾರ ಮೀರದ ನಲವತ್ತು ಮೊಟ್ಟೆಗಳನ್ನು ಕಂತುಕಂತಾಗಿ ಕಾವಿಗಿಟ್ಟರು. ಇಪ್ಪತ್ತೊಂಬತ್ತು ಮರಿಯಾದವು. ಏಳು ಮನೆಗಳಿಗೂ ಮರಿ ಕೊಟ್ಟು ಅಜ್ಜಿ ಒಂದೇ ಮಾತು ಹೇಳಿದರು: "ಇವೆಲ್ಲ ಒಂದೇ ಅಪ್ಪನವು. ದೊಡ್ಡವಾದ ಮೇಲೆ ಗಂಡನ್ನ ಬೇರೆ ಕಡೆಯಿಂದ ತನ್ನಿ."

ಅದರ ಮುಂದಿನ ವರ್ಷ ಕಂದು ಹಕ್ಕಿಯ ಮೂವರು ಹೆಣ್ಣುಮಕ್ಕಳು ಮೊಟ್ಟೆ ಇಟ್ಟವು: ಮೂವತ್ತೆಂಟು, ಮೂವತ್ತೈದು, ಇಪ್ಪತ್ನಾಲ್ಕು.

"ಮೂರನೆಯದು ಕೈ ಕೊಟ್ಟಿತಲ್ಲ!" ಅಂದಳು ಸೊಸೆ.

"ಒಡಹುಟ್ಟಿದವರೆಲ್ಲ ಒಂದೇ ಥರ ಇರಲ್ಲ," ಅಂದಳು ಸಹಾಯಕಿ. "ಎಷ್ಟು ಇಡುತ್ತೆ ಅನ್ನೋದರಲ್ಲಿ ರಕ್ತದ ಪಾಲು ಕಡಿಮೆ, ಮೇವು, ನೀರು, ಆರೈಕೆಯ ಪಾಲು ಹೆಚ್ಚು. ಮೊದಲ ವರ್ಷ ಮೊಟ್ಟೆ ಸಣ್ಣದಿರುತ್ತೆ, ಕಡಿಮೆಯೂ ಇರುತ್ತೆ. ಇನ್ನೊಂದು ವರ್ಷ ನೋಡಿ."

"ನೋಡ್ತೀನಿ. ನನಗೇನು ಅವಸರ?" ಅಂದರು ಅಜ್ಜಿ. ಆಗ ಆಕೆಗೆ ಎಪ್ಪತ್ತೊಂದು.

ಹೆಬ್ಬಾತು ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಹಕ್ಕಿಯ ಅಂದ ನೋಡಿ ವಂಶ ಬೆಳೆಸಬೇಡಿ. ಗಂಡನ್ನು ತರುವಾಗ ಅದರ ತಾಯಿಯ ಬಗ್ಗೆ ಕೇಳಿ, ಅಪ್ಪ ಮಗಳನ್ನು, ಅಣ್ಣ ತಂಗಿಯನ್ನು ಜೋಡಿ ಬಿಡಬೇಡಿ. ನಾಳೆ ಬೆಳಿಗ್ಗೆ ಗೂಡಿನಿಂದ ಮೊದಲ ಮೊಟ್ಟೆ ಎತ್ತಿಕೊಂಡಾಗ ಅದು ಯಾರದೆಂದು ಗುರುತು ಹಾಕಿ. ಲೆಕ್ಕ ನಿಮ್ಮ ನಂಬಿಕೆಗೆ ಎದುರಾಗಿ ನಿಂತರೆ, ಲೆಕ್ಕದ ಮಾತನ್ನೇ ಕೇಳಿ.