ಲೋನಪ್ಪನ್ ಸಾಯದ ಚಿತ್ರ

ತ್ರಿಶೂರಿನ ಫಿಲ್ಮ್ ಸೊಸೈಟಿಯ ಕಿರುಚಿತ್ರೋತ್ಸವಕ್ಕೆ ಚಿತ್ರ ಆರಿಸುವ ಹೊಣೆ ಸೌದಾಮಿನಿ ಟೀಚರದು. ಎಲ್ಲಾದರೂ ಹೊಸ ಪ್ರತಿಭೆ ಇದೆಯೆಂದರೆ ಊಟ ಬಿಟ್ಟು ಹುಡುಕಿಕೊಂಡು ಹೋಗುವ ಹೆಂಗಸು. ಆ ವರ್ಷ ಬಂದ ಚಿತ್ರಗಳೆಲ್ಲ ಸಪ್ಪೆ. ಆದರೆ ಒಂದು ಹೆಣ ಅವರ ಮನಸ್ಸು ಕದ್ದಿತು.

ಒಂದು ಚಿತ್ರದಲ್ಲಿ ಅದು ಶವಪೆಟ್ಟಿಗೆಯಲ್ಲಿತ್ತು, ಇನ್ನೊಂದರಲ್ಲಿ ಬಾಳೆಲೆಯ ಮೇಲೆ, ಮತ್ತೊಂದರಲ್ಲಿ ಬಾವಿಕಟ್ಟೆಯ ಪಕ್ಕ. ನಿರ್ದೇಶಕರು ಬೇರೆ ಬೇರೆ, ಸತ್ತವನು ಒಬ್ಬನೇ. ಸುತ್ತ ಅಳುವವರದೆಲ್ಲ ನಾಟಕ. ಅವನ ಮುಖ ಮಾತ್ರ, ಉಸಿರು ಹೋಗುವ ಹೊತ್ತಿಗೆ ಏನೋ ನೆನಪಾಗಿ, ಹೋಗಲಿ ಬಿಡು ಎಂದುಕೊಂಡವನ ಹಾಗಿತ್ತು. ಯಾರಿವನು ಎಂದು ಒಬ್ಬ ನಿರ್ದೇಶಕನನ್ನು ಕೇಳಿದರು.

"ಒಲ್ಲೂರಿನ ಲೋನಪ್ಪನ್. ಅವನಿಲ್ದೆ ನಮ್ಮಲ್ಲಿ ಯಾರೂ ಸಾಯಲ್ಲ ಟೀಚರೇ."

ಟೀಚರ್ ಒಲ್ಲೂರಿಗೆ ಹೋಗಿ ಚಹಾದಂಗಡಿಯಲ್ಲಿ ವಿಚಾರಿಸಿದರು.

"ಯಾವ ಲೋನಪ್ಪನ್? ಬೇಕರಿಯವನೋ, ತೀರ್ಕೊಂಡವನೋ?" ಎಂದ ಅಂಗಡಿಯವನು, ಒಂದು ಕ್ಷಣ ಯೋಚಿಸಿ ತಾನೇ ಸೇರಿಸಿದ: "ಇಬ್ರೂ ಒಬ್ನೇ. ಮನೇಲಿದಾನೆ, ಹೋಗಿ."

ಮನೆಯಲ್ಲಿ ಹೆಂಡತಿ ರೋಸಿಲಿ ಗೋಳು ತೋಡಿಕೊಂಡಳು. ಚಾಲಕ್ಕುಡಿಯ ನಾದಿನಿ ಫೋನಿನಲ್ಲಿ ಯಾವುದೋ ಚಿತ್ರ ನೋಡಿ ಹೂಹಾರ ಹಿಡಿದು ಅಳುತ್ತ ಬಂದಿದ್ದಳಂತೆ. ಇಗರ್ಜಿಯಲ್ಲಿ ಅಗಲಿದವರ ಸಾಲಿನಲ್ಲಿ ಇವನ ಹೆಸರನ್ನೂ ಓದಿದಾಗ, ಈ ಮನುಷ್ಯ ಮುಂದಿನ ಬೆಂಚಿನಲ್ಲೇ ಕೂತು ಆಮೆನ್ ಅಂದನಂತೆ.

"ಪಾದ್ರಿಗಳು ಓದ್ತಿರುವಾಗ ಮಧ್ಯ ಬಾಯಿ ಹಾಕೋಕಾಗತ್ತಾ?" ಎಂದ ಲೋನಪ್ಪನ್. ಆಮೇಲೆ ದನಿ ತಗ್ಗಿಸಿದ. "ಸತ್ತು ಸತ್ತು ಸಾಕಾಗಿದೆ ಟೀಚರೇ. ನಾನೇ ಒಂದು ಚಿತ್ರ ಮಾಡಿದೀನಿ. ಅದ್ರಲ್ಲಿ ಸಾಯಲ್ಲ."

ರೋಸಿಲಿ ಫೋನ್ ಹಿಡಿದು ತೆಗೆದ ಚಿತ್ರವದು. ಲೋನಪ್ಪನ್ ಅಂಗಳದಲ್ಲಿ ಕೂತು ಮರಗೆಣಸು, ಮೀನುಸಾರು ಉಣ್ಣುತ್ತಾನೆ; ಅಷ್ಟೆ. ಟೀಚರಿಗೆ ರೋಮಾಂಚನವಾಯಿತು. ಅಲ್ಲಿಯೇ ಆರಿಸಿಬಿಟ್ಟರು.

ಉತ್ಸವದ ದಿನ ಸಭಾಂಗಣ ತುಂಬಿತ್ತು. ಆ ಮುಖ ಎಲ್ಲರಿಗೂ ಗೊತ್ತು. ಯಾವ ತುತ್ತಿಗೆ ಸಾಯುತ್ತಾನೋ ಎಂದು ಜನ ಉಸಿರು ಬಿಗಿಹಿಡಿದರು. ಅವನು ಮೀನಿನ ಮುಳ್ಳು ಬಿಡಿಸುವಾಗ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಬಿಕ್ಕಳಿಕೆ ಬಂದಾಗ ಯಾರೋ, ಆಯ್ತು, ಇನ್ನು ಮುಗೀತು ಎಂದು ಬಿಕ್ಕಿದರು. ಅವನು ನೀರು ಕುಡಿದ, ಕೈ ತೊಳೆದ, ತೇಗಿದ. ಚಿತ್ರ ಮುಗಿಯಿತು.

ಹಿಂದಿನಿಂದ ಮುದುಕನೊಬ್ಬ ಎದ್ದುನಿಂತ. "ಇದು ಮೋಸ. ಹೆಣ ಎಲ್ಲಿ?"

ದೀಪ ಹತ್ತಿತು. ಉತ್ತರ ಕೊಡಲು ಲೋನಪ್ಪನ್ ಎದ್ದು ಕೈಮುಗಿದದ್ದೇ ತಡ, ಪಕ್ಕದಲ್ಲಿದ್ದಾಕೆ ಮೂರ್ಛೆ ಹೋದಳು. ತೀರ್ಪುಗಾರರು ಆ ವರ್ಷದ ಅತ್ಯುತ್ತಮ ಭಯಾನಕ ಚಿತ್ರದ ಬಹುಮಾನವನ್ನು ಅದಕ್ಕೇ ಕೊಟ್ಟರು.

ಅಲ್ಲಿಂದಾಚೆ ಯಾವ ನಿರ್ದೇಶಕನೂ ಅವನನ್ನು ಕರೆಯಲಿಲ್ಲ. ತೇಗಿದ್ದನ್ನು ಊರೆಲ್ಲ ಕಂಡ ಮೇಲೆ ಇವನನ್ನು ಸತ್ತವನೆಂದು ಯಾರು ನಂಬುತ್ತಾರೆ ಎಂಬುದು ಅವರ ವಾದ. ಲೋನಪ್ಪನ್ ಬೇಸರಪಡದೆ ಎರಡನೆಯ ಚಿತ್ರಕ್ಕೆ ಕೈಹಾಕಿದ. ಅದರಲ್ಲೊಂದು ಸಾವಿತ್ತು. ನೇರ ಟೀಚರ ಮನೆಗೆ ಬಂದು, ಅವರ ಮುಖವನ್ನು ಎಡದಿಂದ, ಬಲದಿಂದ ನೋಡಿದ.

"ನಿಮ್ಮಲ್ಲಿ ಅದು ಇದೆ ಟೀಚರೇ," ಎಂದ.

ಜೀವಮಾನವೆಲ್ಲ ಬೇರೆಯವರ ಪ್ರತಿಭೆ ಹುಡುಕಿದ ಸೌದಾಮಿನಿ ಟೀಚರನ್ನು ಈವರೆಗೆ ಯಾರೂ ಕಂಡುಹಿಡಿದಿರಲಿಲ್ಲ. ಅವರ ಕಿವಿ ಕೆಂಪಾಯಿತು. ಭಾನುವಾರ ಜರಿಯಂಚಿನ ಕಸವು ಸೀರೆ ಉಟ್ಟು ಒಲ್ಲೂರಿಗೆ ಹೋಗಿ, ನಡುಮನೆಯ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದರು. ಚಿತ್ರೀಕರಣದ ಸುದ್ದಿಯೇ ತಿಳಿಯದ ನೆರೆಮನೆಯಾಕೆ ಬಾಗಿಲಲ್ಲಿ ಇಣುಕಿ, ಎದೆ ಬಡಿದುಕೊಂಡು ಗೋಳಾಡತೊಡಗಿದಳು. ಟೀಚರಿಗೆ ಒಳಗೊಳಗೇ ಬಹಳ ಹಿತವೆನಿಸಿತು.