ಜಾಕ್ ಇಲ್ಲದ ಗಾಡಿ

ಸೂಲಿಬೆಲೆ ಕಡೆ ಹಾಲಿನ ಕ್ಯಾನು ಹೊತ್ತು ಹೊತ್ತು ಸವೆದಿದ್ದ ಟೆಂಪೋ ಅದು. ವಿದ್ಯುತ್ ಲೈನಿನ ಗುತ್ತಿಗೆದಾರ ಆದಿನಾರಾಯಣಪ್ಪ ಅದನ್ನು ಕೊಂಡು, ಹಿಂಬದಿಗೆ ಉದ್ದನೆಯ ಕಬ್ಬಿಣದ ತೋಳು, ಅದರ ತುದಿಗೆ ಆಳು ನಿಲ್ಲುವ ತೊಟ್ಟಿ ಕೂರಿಸಿದ. ಹಳದಿ ಬಣ್ಣ ಬಳಿಸಿ ಪೂಜೆಯನ್ನೂ ಮಾಡಿಸಿದ. ತೋಳು ಎತ್ತಿದಾಗ ಗಾಡಿ ವಾಲದಂತೆ ನೆಲಕ್ಕೆ ಊರುವ ಜಾಕ್‌ಗಳನ್ನು ಮಾತ್ರ ಹಾಕಿಸಲಿಲ್ಲ.

ಲೈನ್ ಕೆಲಸದ ಪ್ರಮೋದಾ ಗಾಡಿ ನೋಡಿದೊಡನೆ ಕೇಳಿದಳು. "ಸಾರ್, ಜಾಕ್ ಎಲ್ಲಿ?"

"ಅದನ್ನ ಊರಿ ಎತ್ತೋಷ್ಟರಲ್ಲಿ ಹೊತ್ತು ಮುಳುಗುತ್ತೆ. ಕೆಲಸ ನೋಡಮ್ಮ."

ಅವಳು ತೊಟ್ಟಿ ಹತ್ತಲಿಲ್ಲ, ಏಣಿಯನ್ನೇ ಹಿಡಿದಳು. ಜೊತೆಗಾರ ನಂದೀಶ್ ನಕ್ಕ. "ಏನಕ್ಕಾ, ಲಿಫ್ಟ್ ಕೊಟ್ರೂ ಮೆಟ್ಲು ಹತ್ತೀಯಾ?"

ಒಂದು ದಿನ ಅನುಗೊಂಡನಹಳ್ಳಿಯಲ್ಲಿ ಮಳೆ ನಿಂತ ಮೇಲೆ, ಕಡಿದ ಲೈನ್ ಸರಿಪಡಿಸಲು ನಂದೀಶ್ ತೊಟ್ಟಿಯಲ್ಲಿ ಮೇಲೇರಿದ್ದ. ರಸ್ತೆಯಂಚಿನ ಮಣ್ಣು ಕುಸಿದು ಗಾಡಿ ವಾಲಿತು. ತೊಟ್ಟಿ ಅವನ ಸಮೇತ ಕಲ್ಲುಗೋಡೆಗೆ ಅಪ್ಪಳಿಸಿತು. ಸೊಂಟಕ್ಕೆ ಬಿಗಿದುಕೊಂಡಿದ್ದ ಸೇಫ್ಟಿ ಬೆಲ್ಟ್ ಕೊಯ್ದು ಅವನನ್ನು ಹೊರಗೆಳೆದವಳು ಪ್ರಮೋದಾ. ಅವನ ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಆದಿನಾರಾಯಣಪ್ಪ ನಂದೀಶನ ತಾಯಿ ಸೊಣ್ಣಮ್ಮನ ಮುಂದೆ ನಿಂತು ಹೇಳಿದ: "ನಿನ್ನ ಮಗ ಬೆಲ್ಟೇ ಹಾಕಿರ್ಲಿಲ್ಲ ಕಣಮ್ಮ. ನಾನೇನು ಮಾಡ್ಲಿ?"

ಪ್ರಮೋದಾಳ ಮೈ ಉರಿದುಹೋಯಿತು. "ಆ ಬೆಲ್ಟ್ ಕುಯ್ದಿದ್ದು ಈ ಕೈ ಸಾರ್! ಮಲಗಿರೋನ ಮೇಲೆ ತಪ್ಪು ಹೊರಿಸ್ತೀರಲ್ಲ, ನಾಲಿಗೆ ಹೆಂಗೆ ಹೊರಳುತ್ತೆ?"

"ನಾಳೆಯಿಂದ ಕೆಲಸ ಬೇಡ್ವಾ ನಿಂಗೆ?" ಎಂದು ಅವನು ಗದರಿ ಹೊರಟುಹೋದ.

ಮರುದಿನ ಅದೇ ಟೆಂಪೋ ತೊಳೆಸಿಕೊಂಡು ಅದೇ ಊರಿಗೆ ಬಂತು. ಈ ಸಲ ಹತ್ತಬೇಕಾಗಿದ್ದವನು ಇನ್ನೊಬ್ಬ ಕೆಲಸಗಾರ ಭೀಮರಾಜ್. ಅವನು ತೊಟ್ಟಿಗೆ ಕಾಲಿಡುವ ಮೊದಲೇ ಪ್ರಮೋದಾ ಗಾಡಿಯ ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಸುದ್ದಿ ತಿಳಿದು ಆದಿನಾರಾಯಣಪ್ಪ ಕಾರಿನಲ್ಲಿ ಬಂದ. ಕರೆಂಟಿಗಾಗಿ ಕಾಯುತ್ತಿದ್ದ ಊರವರೂ ಸುತ್ತ ನೆರೆದರು.

"ಕೀ ಕೊಡು."

"ಕೊಡ್ತೀನಿ. ಮೊದ್ಲು ನೀವು ಹತ್ತಿ. ನಾನೇ ಮೇಲಕ್ಕೆ ಎತ್ತೀನಿ."

"ಹತ್ತಪ್ಪಾ," ಎಂದರು ಊರಿನ ಹಿರಿಯ ಪಿಳ್ಳಪ್ಪ. "ನಿನ್ನ ಗಾಡಿ ತಾನೇ?"

ಆದಿನಾರಾಯಣಪ್ಪ ತೊಟ್ಟಿಯ ಅಂಚಿಗೆ ಕೈಯಿಟ್ಟ. ಹಿಂದಿನ ದಿನ ಚಕ್ರ ಹೂತಿದ್ದ ಗುಂಡಿಯತ್ತ ನೋಡಿ ಕೈ ಹಿಂದೆಗೆದ. "ನಂಗೆ ಬೀಪಿ ಐತೆ."

"ನಂದೀಶಂಗೂ ಎರಡು ಕಾಲು ನೆಟ್ಟಗಿತ್ತು ಸಾರ್, ಈ ತೊಟ್ಟಿ ಹತ್ತೋವರ್ಗೂ!"

ಭೀಮರಾಜ್ ಏಣಿ ಹೆಗಲಿಗೇರಿಸಿದ. ಕೆಲಸ ನಿಧಾನವಾಯಿತು, ಸಂಜೆಗೆ ಊರಿಗೆ ಕರೆಂಟ್ ಬಂತು.

ಟೆಂಪೋ ಗ್ಯಾರೇಜಿಗೆ ಹೋಗಿ ಜಾಕ್ ಹಾಕಿಸಿಕೊಂಡು ಒಂದೇ ದಿನದಲ್ಲಿ ತಿರುಗಿ ಬಂತು. ಅದನ್ನು ಕಂಡು ಪ್ರಮೋದಾಳಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಇಮ್ಮಡಿಯಾಯಿತು. ಒಂದೇ ದಿನದ ಕೆಲಸ ಮಾಡಿಸದೆ ಆದಿನಾರಾಯಣಪ್ಪ ಒಬ್ಬನ ಕಾಲು ಮುರಿದಿದ್ದನಲ್ಲ!

ಸೊಣ್ಣಮ್ಮನ ಕೈಹಿಡಿದು ಅವಳು ದೂರು ಕೊಡಲು ಪೊಲೀಸ್ ಠಾಣೆಗೆ ನಡೆದಳು. "ಸಾಹೇಬ್ರಿಲ್ಲ, ನಾಳೆ ಬನ್ನಿ" ಎಂದರು ಅಲ್ಲಿ.

"ಬರೋವರ್ಗೂ ಕಾಯ್ತೀವಿ," ಎಂದು ಪ್ರಮೋದಾ ಬೆಂಚಿನ ಮೇಲೆ ಕುಳಿತಳು. ಸೊಣ್ಣಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.